ಬೆಳಗಿಗೆ ಕುಂತಿ ಬೆಟ್ಟ, ಬೈಗಿಗೆ ಮೇಲುಕೋಟೆ

ಶುಕ್ರವಾರ

ಅಟ್ಟದಿಂದ ಬೂಟು ಇಳಿಸಿದಾಗಲೇ ಹೆಂಡತಿ ಹೇಳಿದ್ದಳು, "ಒಂದ್ಸಲ ಹಾಕ್ಕೊಂಡು ರಸ್ತೆ ಕೊನೆವರೆಗಾದ್ರೂ ನಡೆದು ಬನ್ನಿ" ಅಂತ. ನಾನು ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಲೇಸು ಬಿಗಿದು, ಚೀಲಕ್ಕೆ ತುರುಕಿದೆ. ನಡೆದು ನೋಡಲಿಲ್ಲ. ಏಳು ವರ್ಷದ ಹಿಂದೆ ಕುಮಾರ ಪರ್ವತ ಹತ್ತಬೇಕೆಂದು ಕೊಂಡ ಬೂಟು. ಒಮ್ಮೆ ಹತ್ತಿ ಇಳಿದದ್ದೇ ಸರಿ, ಆಮೇಲೆ ಅದು ಅಟ್ಟದಲ್ಲಿ, ನಾನು ಆಫೀಸಿನ ಕುರ್ಚಿಯಲ್ಲಿ. ಎರಡೂ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದೆವು.

ಮೈಸೂರಿನಿಂದ ಸಂಜೆಯ ಪ್ಯಾಸೆಂಜರ್ ರೈಲು ಹಿಡಿದೆ. ನಿಲ್ಲಲೂ ಜಾಗವಿಲ್ಲ. ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ರೈಲು ಅಲ್ಲಿ ಕಾವೇರಿಯನ್ನು ಎರಡು ಸಲ ದಾಟುತ್ತದೆ. ಎರಡು ಸಲವೂ ಡಬ್ಬಿಯಲ್ಲಿ ಯಾರಾದರೊಬ್ಬರು ಕಿಟಕಿ ಕಡೆ ತಿರುಗಿ ಕೈ ಮುಗಿಯುತ್ತಾರೆ, ಕತ್ತಲಿದ್ದರೂ. ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದರೆ ಊರು ಇನ್ನೂ ದೂರ. ಶೇರ್ ಆಟೋದಲ್ಲಿ ಏಳು ಜನರ ನಡುವೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಜನವರಿಯ ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅದರ ಜೊತೆ ಎಲ್ಲಿಂದಲೋ ಆಲೆಮನೆಯ ಬಿಸಿ ಪಾಕದ ವಾಸನೆ. ಮಂಡ್ಯ ಜಿಲ್ಲೆಗೆ ಬಂದದ್ದು ನನಗೆ ಗೊತ್ತಾಗುವುದು ಮೂಗಿನಿಂದಲೇ.

ಅಕ್ಕನ ಮನೆ ಇರುವುದು ಇಲ್ಲಿ. ಮಹಡಿ ಹತ್ತಿದರೆ ಊರ ತಲೆಯ ಮೇಲೆ ಕುಂತಿ ಬೆಟ್ಟ. ಅಕ್ಕಪಕ್ಕ ಎರಡು ಬಂಡೆಗುಡ್ಡ, ಬೋಳು ತಲೆ, ಪಕ್ಕೆಯಲ್ಲಿ ಕುರುಚಲು. ಪಾಂಡವರು ವನವಾಸದಲ್ಲಿ ಇಲ್ಲಿದ್ದರು, ಕುಂತಿಗೆ ಈ ಜಾಗ ಹಿಡಿಸಿತ್ತು ಎಂದು ಕಥೆ. ಅದರಿಂದಲೇ ಬೆಟ್ಟಕ್ಕೂ ಊರಿಗೂ ಆ ಹೆಸರು. ಅದಕ್ಕೂ ಮುಂಚಿನ ಹೆಸರು ಹಿರೋಡೆ. ನಡುವೆ ಹೈದರ್ ಮತ್ತು ಟಿಪ್ಪುವಿನ ಕಡೆ ಇದ್ದ ಫ್ರೆಂಚ್ ಸಿಪಾಯಿಗಳು ಈ ಬಂಡೆಗಳ ಬಳಿ ಡೇರೆ ಹಾಕಿದ್ದರಿಂದ ಇಂಗ್ಲಿಷರ ಕಾಗದಪತ್ರದಲ್ಲೆಲ್ಲ ಇದು ಫ್ರೆಂಚ್ ರಾಕ್ಸ್. ಅಕ್ಕನ ಅತ್ತೆ ಇವತ್ತಿಗೂ ಹಿರೋಡೆ ಅನ್ನುವುದನ್ನು ಬಿಟ್ಟಿಲ್ಲ. ಅವರಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ನಾವೆಲ್ಲ ಅಜ್ಜಿ ಅನ್ನುತ್ತೇವೆ.

ಈ ಹುಚ್ಚು ಹತ್ತಿಸಿದ್ದೂ ಅಜ್ಜಿಯೇ. ದಸರಾ ರಜೆಯಲ್ಲಿ ಬಂದಿದ್ದಾಗ ನಾನು ಕುಮಾರ ಪರ್ವತದ ನನ್ನ ಹಳೆಯ ಸಾಹಸವನ್ನು ಮೂರನೆಯ ಸಲವೋ ನಾಲ್ಕನೆಯ ಸಲವೋ ಕೊರೆಯುತ್ತಿದ್ದೆ. ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದರು, "ಇಲ್ಲೇ ಮನೆ ಇಂದ್ಲ ಬೆಟ್ಟ ಅತ್ತಿದ್ದಿಯೇನಪ್ಪ?" ಇಲ್ಲ. ಮದುವೆಯಾಗಿ ಅಕ್ಕ ಇಲ್ಲಿಗೆ ಬಂದು ಹದಿನೆಂಟು ವರ್ಷ. ನಾನು ಕುಂತಿ ಬೆಟ್ಟವನ್ನು ಮಹಡಿಯಿಂದ ನೋಡಿ ಫೋಟೋ ತೆಗೆದಿದ್ದೇನೆ ಅಷ್ಟೆ. "ಮೇಲ್ಕೋಟೆ ಬೆಟ್ಟ?" ಅದಕ್ಕೆ ಕಾರಿನಲ್ಲಿ ಹೋಗಿದ್ದೇನೆ. ಹೋಗಿ ಪುಳಿಯೋಗರೆ ತಿಂದಿದ್ದೇನೆ. ನರಸಿಂಹನ ಬೆಟ್ಟದ ಕೆಳಗೆ ನಿಂತು ಬಿಸಿಲು ಜಾಸ್ತಿ ಎಂದು ವಾಪಸ್ಸು ಬಂದಿದ್ದೇನೆ.

"ಕೂಸ್ನ ಕಂಕ್ಳಲ್ಲಿ ಎತ್ಕಂಡು, ಬುತ್ತಿ ಕಟ್ಕಂಡು ವೈರಮುಡಿಗೆ ನಡ್ಕಂಡೇ ಓಯ್ತಿದ್ದೋ ಕಣಪ್ಪ. ನಿಮ್ಗೇನ್ ಬಂದದೆ ದಾಡಿ?"

"ಅವ್ವ ಏಳೋದ್ರಲ್ಲಿ ಅರ್ಧ ಕಳೀಬೇಕು ಬುಡು," ಅಂದರು ಭಾವ. ಆದರೆ ಅಕ್ಕನ ಮಗಳು ಪುಟ್ಟಿ, ಎಂಟನೇ ಕ್ಲಾಸು, ಅಷ್ಟರಲ್ಲಿ ಅಲ್ಲೇ ಕಾಯಿದೆ ಮಾಡಿಬಿಟ್ಟಳು. ಎರಡೂ ಬೆಟ್ಟ, ಒಂದೇ ದಿನ. ಹೊತ್ತು ಹುಟ್ಟುವಾಗ ಒಂದರ ನೆತ್ತಿಯ ಮೇಲಿರಬೇಕು, ಮುಳುಗುವಾಗ ಇನ್ನೊಂದರ ಮೇಲೆ. ಮಧ್ಯೆ ಕಾರು, ಸ್ಕೂಟರು ಮುಟ್ಟಕೂಡದು. ಇಲ್ಲಿಂದ ಮೇಲುಕೋಟೆಗೆ ರಸ್ತೆಯಲ್ಲಿ ಇಪ್ಪತ್ತೈದು ಕಿಲೋಮೀಟರ್‌ನಷ್ಟು. ಅದಿಷ್ಟನ್ನೂ ನಡೆಯುವುದೇ ಎಂದು ನಾನು ಬೆವತೆ. ಕೊನೆಗೆ ಬಸ್ಸಿಗೆ ಅಪ್ಪಣೆ ಸಿಕ್ಕಿತು, ಆದರೆ ಜಕ್ಕನಹಳ್ಳಿವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಕಾಲೇ ಗತಿ.

ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರು. ಎರಡನೇ ಮುದ್ದೆ ಬೇಡ ಅಂದೆ. ಅಜ್ಜಿ, "ಬೆಟ್ಟ ಅತ್ತೋನು ಬೇಡ ಅನ್ಬಾರ್ದು," ಎಂದು ತಟ್ಟೆಗೆ ಹಾಕಿಯೇಬಿಟ್ಟರು.

ಶನಿವಾರ

ಐದು ಗಂಟೆಗೆ ಮನೆ ಬಿಟ್ಟೆವು. ಮಂಜು ಎಷ್ಟಿತ್ತೆಂದರೆ ಟಾರ್ಚಿನ ಬೆಳಕು ಹತ್ತಡಿಗೇ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು. ನಾನು ಬೂಟು, ಉಲ್ಲನ್ ಟೋಪಿ, ಬೆನ್ನಿಗೆ ಚೀಲ. ಪುಟ್ಟಿ ಸ್ಕೂಲಿನ ಕ್ಯಾನ್ವಾಸ್ ಶೂ. ಭಾವ ಲುಂಗಿ ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ಹವಾಯಿ ಚಪ್ಪಲಿಯಲ್ಲಿ. ನನ್ನ ಕಾಲನ್ನೊಮ್ಮೆ ನೋಡಿ, "ಏನ್ ಬಾಮೈದ, ಮಿಲಿಟ್ರಿಗೆ ಸೇರ್ಕಂಡಂಗೆ ಅದೆ," ಅಂದರು.

ಶುರುವಿಗೆ ಒಂದಷ್ಟು ಮೆಟ್ಟಿಲು. ಆಮೇಲೆ ಮೆಟ್ಟಿಲು ತಾನಾಗಿಯೇ ಬಂಡೆಯಲ್ಲಿ ಕರಗಿಹೋಗುತ್ತದೆ. ಮುಂದೆ ದಾರಿ ಅಂದರೆ ಹಿಂದೆ ಹೋದವರ ಕಾಲು ಸವೆಸಿದ ಬಿಳಿಚು ಗೀರು, ಅಲ್ಲಲ್ಲಿ ಯಾರೋ ಬಳಿದ ಬಾಣದ ಗುರುತು. ಲಂಟಾನದ ಪೊದೆ ನುಗ್ಗುವಾಗ ಇಬ್ಬನಿ ತೋಳಿಗೆಲ್ಲ ಒರೆಸಿಕೊಂಡಿತು. ಬಂದರೆ ಗಿಡ, ಬಾದೆ ಹುಲ್ಲು, ಎಲಚಿ. ಒಂದು ಕಡೆ ಎರಡು ಬಂಡೆಗಳ ಸಂದಿಯಲ್ಲಿ ಅಡ್ಡಡ್ಡ ತೂರಬೇಕು. ಅಲ್ಲಿ ನನ್ನ ಎರಡನೇ ಮುದ್ದೆ ನೆನಪಾಯಿತು.

ಮೆಟ್ಟಿಲಿಲ್ಲದ ಬಂಡೆ ಹತ್ತುವಾಗ ನಾವು ಪೇಟೆಯವರು ಮಾಡುವ ತಪ್ಪೆಂದರೆ ಹೆದರಿ ಮುಂದಕ್ಕೆ ಬಾಗಿ ತುದಿಗಾಲಲ್ಲಿ ಹತ್ತುವುದು. ಭಾವ ಎರಡು ಸಲ ನೋಡಿದರು, ಮೂರನೇ ಸಲ ಬೈದರು. "ಪೂರ್ತಿ ಪಾದ ಊರು. ನೆಟ್ಟಗೆ ನಿಂತ್ಕ. ಬಂಡೆ ನಿನ್ನ ಇಡ್ಕತದೆ." ನಿಜ. ಇಡೀ ಪಾದವನ್ನು ಬಂಡೆಗೆ ಒತ್ತಿ, ಮೈಭಾರವನ್ನು ಅದರ ಮೇಲೆ ಬಿಟ್ಟರೆ ಆ ಒರಟು ಕಲ್ಲು ಅಂಗಾಲನ್ನು ಕಚ್ಚಿ ಹಿಡಿಯುತ್ತದೆ. ಇಬ್ಬನಿ ಬಿದ್ದು ಪಾಚಿ ಕಟ್ಟಿದ ಕಪ್ಪು ಪಟ್ಟೆ ಇರುವಲ್ಲಿ ಮಾತ್ರ ಈ ನಂಬಿಕೆ ನಡೆಯುವುದಿಲ್ಲ. ಅದನ್ನು ಬಳಸಿಕೊಂಡು ಹೋಗಬೇಕು.

ಪುಟ್ಟಿ ಎಲ್ಲರಿಗಿಂತ ಮುಂದೆ. ಮೇಲಿನಿಂದ ಟಾರ್ಚು ಬಿಟ್ಟು, "ಮಾವ, ಇನ್ನ ಐದೇ ನಿಮಿಷ," ಅನ್ನುವಳು. ಅವಳ ಐದು ನಿಮಿಷ ನಾಲ್ಕು ಸಲ ಮುಗಿಯಿತು.

ನೆತ್ತಿ ಮುಟ್ಟಿದಾಗ ಆರೂವರೆ. ಬೆಟ್ಟ ಸಮುದ್ರಮಟ್ಟದಿಂದ 2,882 ಅಡಿ ಅನ್ನುತ್ತಾರೆ. ಊರೇ ಎತ್ತರದಲ್ಲಿರುವುದರಿಂದ ನಿಜಕ್ಕೂ ಹತ್ತುವುದು ಐನೂರು ಚಿಲ್ಲರೆ ಅಡಿ ಇರಬಹುದು. ಲೆಕ್ಕ ಕೇಳಿದರೆ ಇಷ್ಟೇನಾ ಅನಿಸುತ್ತದೆ. ನನ್ನ ಮಂಡಿಗೆ ಮಾತ್ರ ಅನಿಸಲಿಲ್ಲ.

ಹದಿನೈದು ನಿಮಿಷ ಏನೂ ಕಾಣಲಿಲ್ಲ. ಕೆಳಗೆಲ್ಲ ಹಾಲು ಚೆಲ್ಲಿದಂತೆ ಮಂಜು, ಅದರೊಳಗಿಂದ ಸುಪ್ರಭಾತದ ಮೈಕು, ಒಂದು ನಾಯಿ, ಕಬ್ಬಿನ ಟ್ರ್ಯಾಕ್ಟರು. ಸದ್ದುಗಳೆಲ್ಲ ಇದ್ದವು, ಊರೇ ಇರಲಿಲ್ಲ. ಆಮೇಲೆ ಪೂರ್ವಕ್ಕೆ ಕೆಂಪಾಗಿ, ದಕ್ಷಿಣದಲ್ಲಿ ಮಂಜಿನ ಮೇಲೆ ತಟ್ಟೆಗೆ ಮಗುಚಿದ ಮುದ್ದೆಯಂತೆ ಒಂದು ಗುಡ್ಡ ಎದ್ದಿತು. ಚಾಮುಂಡಿ ಬೆಟ್ಟ! ದಿನಾ ಅದರ ಬುಡದಲ್ಲೇ ಬದುಕುವ ನಾನು ಅದನ್ನು ಇಷ್ಟು ಸಣ್ಣದಾಗಿ ಕಂಡಿರಲಿಲ್ಲ. ಹೊತ್ತು ಮೇಲೆ ಬಂದ ಹಾಗೆ ಮಂಜು ಚೂರು ಚೂರಾಗಿ ಹರಿಯಿತು. ಹಸಿರು ಗದ್ದೆ, ಕಬ್ಬಿನ ತೋಟ, ತೆಂಗು, ನಡುವೆ ಬೆಳ್ಳಿ ಎಳೆಯಂತೆ ನಾಲೆ. ವಿಶ್ವೇಶ್ವರಯ್ಯ ನಾಲೆ ಎಂದು ನಾನು, ಇರ್ವಿನ್ ನಾಲೆ ಎಂದು ಭಾವ. ಎರಡೂ ಒಂದೇ, ಹೆಸರು ಮಾತ್ರ ಬದಲಾಗಿದೆ. ಕನ್ನಂಬಾಡಿ ಕಟ್ಟೆಯ ನೀರು ಈ ನಾಲೆ ಹಿಡಿದು ಬರುವವರೆಗೆ ಇಲ್ಲಿನ ಸೀಮೆಯೆಲ್ಲ ರಾಗಿ, ಹುರುಳಿ ಹೊಲವಂತೆ. ಭಾವನ ಅಜ್ಜ ಮೊದಲ ಸಲ ಭತ್ತ ನಾಟಿ ಮಾಡಿದಾಗ ಊರವರು ನೋಡಲು ಬಂದಿದ್ದರಂತೆ.

ಪಶ್ಚಿಮದ ಕಡೆ ಬೇಬಿ ಬೆಟ್ಟದ ದಿಕ್ಕು. ಕಲ್ಲು ಗಣಿಯಿಂದಾಗಿ ಪೇಪರಿನಲ್ಲಿ ಪದೇ ಪದೇ ಬಂದ ಹೆಸರು. ಕೆಆರ್‌ಎಸ್ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂದು ಹೈಕೋರ್ಟು 2024ರ ಜನವರಿಯಲ್ಲಿ ತಡೆ ಹಾಕಿತು. ನಾವು ಕೂತ ಬಂಡೆಯೂ ಅದೇ ಜಾತಿಯ ಕಲ್ಲು. ಕುಂತಿಯ ಹೆಸರು ಇಲ್ಲದಿದ್ದರೆ ಇದೂ ಜಲ್ಲಿಯಾಗಿ ಯಾವುದೋ ರಸ್ತೆಯಡಿ ಮಲಗಿರುತ್ತಿತ್ತೇನೋ. ಹೆಸರು ಇದ್ದೂ ನಾವೇನು ಮರ್ಯಾದೆ ಕೊಟ್ಟಿಲ್ಲ ಬಿಡಿ. ನೆತ್ತಿಯ ಮೇಲೆ ಒಡೆದ ಬಿಯರ್ ಬಾಟಲಿ, ಚಿಪ್ಸು ಪೊಟ್ಟಣ, ಬಂಡೆಯ ಮೈಮೇಲೆ ಎಣ್ಣೆ ಬಣ್ಣದಲ್ಲಿ ಯಾರದೋ ಪ್ರೀತಿ. ಪುಟ್ಟಿ ಕಾಲಿಗೆ ಚುಚ್ಚುವಂಥ ಗಾಜನ್ನಷ್ಟು ಆರಿಸಿ ಒಂದು ಸಂದಿಗೆ ಹಾಕಿದಳು. ಎಲ್ಲವನ್ನೂ ಹೊತ್ತು ಇಳಿಸಲು ನಮಗೂ ಆಗಲಿಲ್ಲ.

"ಅಜ್ಜಿ ಕೈ ಮುಗಿಯೋದು ಇದಕ್ಕೇ ಅಲ್ವಾ ಮಾವ?" ಪುಟ್ಟಿ ಉತ್ತರಕ್ಕೆ ತಿರುಗಿ ನಿಂತಿದ್ದಳು. ದೂರದಲ್ಲಿ ನೀಲಿಯಾಗಿ ಬೆಟ್ಟದ ಸಾಲು, ಅದರಲ್ಲೊಂದು ಮೊನಚು. ಅಜ್ಜಿ ದಿನಾ ಬೆಳಗ್ಗೆ ಮುಖ ತೊಳೆದು ಹಿತ್ತಲಲ್ಲಿ ಆ ದಿಕ್ಕಿಗೆ ಕೈ ಮುಗಿಯುತ್ತಾರೆ. ಹಿತ್ತಲಿನಿಂದ ಕಾಣುವುದು ಪಕ್ಕದ ಮನೆಯ ಗೋಡೆ. ಗೋಡೆಯ ಆಚೆ ಏನಿದೆ ಎಂದು ಅವರಿಗೆ ಗೊತ್ತು, ಅಷ್ಟೆ. ಇಲ್ಲಿಂದ ನೋಡಿದರೆ ಸಂಜೆಯೊಳಗೆ ನಾವು ಅಲ್ಲಿರುತ್ತೇವೆ ಅನ್ನುವುದು ನಂಬುವ ಮಾತಾಗಿರಲಿಲ್ಲ.

ಇಳಿಯಲು ಶುರು ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ಎಡಗಾಲಿನಡಿ ಏನೋ ಪಟಪಟ ಬಡಿದುಕೊಂಡಿತು. ನೋಡಿದರೆ ಬೂಟಿನ ಅಟ್ಟೆ ಮುಂಗಾಲಿನಿಂದ ಬಿಟ್ಟುಕೊಂಡು ಮೊಸಳೆಯ ಹಾಗೆ ಬಾಯಿ ತೆರೆದಿದೆ. ಕೈಯಲ್ಲಿ ಮುಟ್ಟಿದರೆ ಒಳಗಿನ ಫೋಮು ಹಳೆಯ ಬಿಸ್ಕತ್ತಿನಂತೆ ಪುಡಿ ಪುಡಿ. ಆಮೇಲೆ ತಿಳಿಯಿತು, ಇಂಥ ಬೂಟಿನ ಅಟ್ಟೆಗೆ ಹಾಕುವ ಪಾಲಿಯುರಿಥೇನು ಗಾಳಿಯ ತೇವ ಹೀರಿ ಹೀರಿ ತನ್ನಷ್ಟಕ್ಕೆ ಕಳಚಿಕೊಳ್ಳುತ್ತದಂತೆ. ಹಾಕಿಕೊಂಡು ಓಡಾಡುತ್ತಿದ್ದರೆ ಹೆಚ್ಚು ದಿನ ಬಾಳುತ್ತದೆ, ಜೋಪಾನ ಮಾಡಿ ಕಟ್ಟಿಟ್ಟರೆ ಕೆಡುತ್ತದೆ. ಇದನ್ನು ಹೆಂಡತಿಗೆ ಹೇಳಿಲ್ಲ.

ಪುಟ್ಟಿ ತನ್ನ ಜಡೆಯ ಎರಡು ರಬ್ಬರ್ ಬ್ಯಾಂಡ್ ಬಿಚ್ಚಿ ಕೊಟ್ಟಳು. ಇಪ್ಪತ್ತು ಹೆಜ್ಜೆ ತಡೆಯಿತು. ಅಷ್ಟರಲ್ಲಿ ಜೊತೆಗಾರನ ಸಂಕಟ ಕಂಡು ಬಲಗಾಲಿನ ಅಟ್ಟೆಯೂ ಬಾಯಿ ಬಿಟ್ಟಿತು. ಎರಡನ್ನೂ ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡೆ. ಭಾವ ಏನೂ ಹೇಳದೆ ತಮ್ಮ ಹವಾಯಿ ಚಪ್ಪಲಿ ಬಿಟ್ಟು ನನ್ನ ಕಡೆ ತಳ್ಳಿದರು. "ಬೇಡ ಭಾವ" ಅಂದೆ. "ಆಕ್ಕಳಯ್ಯ. ಗದ್ದೇಲಿ ಬೆಳ್ದ ಕಾಲು, ನಂಗೇನಾದದು?" ಹಾಕಿಕೊಂಡೆ. ಎರಡು ಹೆಜ್ಜೆಗೆ ಜಾರಿತು. ಚಪ್ಪಲಿಯಲ್ಲಿ ಬಂಡೆ ಇಳಿಯುವುದೂ ಒಂದು ವಿದ್ಯೆ, ಅದು ನನಗಿಲ್ಲ. ಹಿಂದಿರುಗಿಸಿ ಬರಿಗಾಲಲ್ಲಿ ಇಳಿದೆ.

ಕಲ್ಲು ಮಂಜುಗಡ್ಡೆಯಂತಿತ್ತು. ಮೊದಲ ಐದು ನಿಮಿಷ ಪ್ರತಿ ಹರಳಿಗೂ ಜೀವ ಬಾಯಿಗೆ ಬಂತು. ಆಮೇಲೆ ಒಂದು ತಮಾಷೆ ನಡೆಯಿತು. ಕಾಲಿಗೆ ಕಣ್ಣು ಬಂದಂತಾಯಿತು. ಎಲ್ಲಿ ಒರಟು, ಎಲ್ಲಿ ನುಣುಪು, ಎಲ್ಲಿ ತೇವ ಎಂದು ಟಾರ್ಚು ತೋರಿಸದ್ದನ್ನು ಅಂಗಾಲು ಹೇಳತೊಡಗಿತು. ಕಡಿದಾದ ಕಡೆ ಮಾನ ಮರ್ಯಾದೆ ಬಿಟ್ಟು ಕೂತುಕೊಂಡೇ ಜರುಗಿದೆ. ಬಿಸಿಲಿಗೆ ಮೈಯೊಡ್ಡಿದ್ದ ಒಂದು ಓತಿಕ್ಯಾತ ತಲೆ ಮೇಲೆ ಕೆಳಗೆ ಆಡಿಸಿ ನನ್ನನ್ನೇ ನೋಡಿತು. ಕೆಳಗೆ ಎಲಚಿ ಮುಳ್ಳೊಂದು ಹಿಮ್ಮಡಿಗೆ ಸೇರಿತು. ಭಾವ ಅದನ್ನು ಇನ್ನೊಂದು ಮುಳ್ಳಿನಿಂದಲೇ ತೆಗೆದರು.

ಮನೆಯಲ್ಲಿ ಅಕ್ಕ ನಕ್ಕಿದ್ದನ್ನು ಬರೆಯುವುದಿಲ್ಲ. ಅಜ್ಜಿ ಬೂಟನ್ನು ಎತ್ತಿ, ಬಾಯಿ ಅಗಲಿಸಿ, ಒಳಗೆ ಇಣುಕಿ, "ಎಷ್ಟ್ ಕೊಟ್ಟೆ ಇದ್ಕೆ?" ಅಂದರು. ಹೇಳಿದೆ. ಅವರು ಮತ್ತೇನೂ ಕೇಳಲಿಲ್ಲ. ಅದೇ ಹೆಚ್ಚು ನೋವಾಯಿತು. ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಪೇಟೆಯಲ್ಲಿ ನೀಲಿ ಬಾರಿನ ಹವಾಯಿ ಚಪ್ಪಲಿ ಕೊಂಡೆ.

ಹನ್ನೊಂದೂವರೆ ಬಸ್ಸು. ಕಂಡಕ್ಟರು ಪುಟ್ಟಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು ಹರಿದು ಕೊಟ್ಟರು, ನಮ್ಮಿಬ್ಬರ ಹತ್ತಿರ ಕಾಸು ಇಸಿದುಕೊಂಡರು. "ನಾನ್ ಫ್ರೀಯಾಗ್ ಬಂದ್ರೆ ಇದು ಬಸ್ ಹತ್ತಿದ ಲೆಕ್ಕ ಅಲ್ಲ," ಎಂದು ಅವಳೇ ತನ್ನ ಕಾಯಿದೆಗೆ ತಿದ್ದುಪಡಿ ತಂದಳು.

ಜಕ್ಕನಹಳ್ಳಿಯಲ್ಲಿ ಇಳಿದು, ಟೀ ಕುಡಿದು, ಹನ್ನೆರಡೂವರೆಗೆ ನಡೆಯಲು ಶುರು. ಆರೇಳು ಕಿಲೋಮೀಟರು ಏರು. ಇದನ್ನು ನಡುಹಗಲಿನಲ್ಲಿ ಯಾರೂ ಮಾಡಬೇಡಿ. ರಸ್ತೆ ಅಂಕುಡೊಂಕಾಗಿ ಹತ್ತುತ್ತದೆ, ನೆರಳು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಾರುಗಳು ನಿಲ್ಲಿಸಿ, "ಬರ್ತೀರಾ ಸಾರ್?" ಅನ್ನುತ್ತವೆ, ಬೇಡ ಅಂದರೆ ವಿಚಿತ್ರವಾಗಿ ನೋಡಿ ಹೋಗುತ್ತವೆ. ಹರಕೆ ಎಂದು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ ಎಂದು ಮೂರನೇ ಕಾರಿಗೆ ಗೊತ್ತಾಯಿತು.

ಸುತ್ತಣ ಕುರುಚಲು ಕಾಡೆಲ್ಲ ತೋಳಗಳಿಗೆಂದು 1974ರಲ್ಲಿ ಮಾಡಿದ ವನ್ಯಧಾಮ, ಸುಮಾರು 50 ಚದರ ಕಿಲೋಮೀಟರು. ತೋಳ ಕಾಣಲಿಲ್ಲ. ನವಿಲು ಕೂಗಿತು, ಅಷ್ಟೆ. ನಮ್ಮ ಭಾಗದ ಕುರಿಗಾಹಿಗಳ ಬಾಯಲ್ಲಿ ತೋಳ ಅಂದರೆ ಕಳ್ಳ. ಅದೇ ಕಳ್ಳನಿಗೆ ಸರ್ಕಾರವೇ ಬೇಲಿ ಕಟ್ಟಿ ಜಾಗ ಕೊಟ್ಟದ್ದು ಭಾವನಿಗೆ ಇನ್ನೂ ಅರಗಿಲ್ಲ.

ಈ ಸೀಮೆಯ ದಾರಿ ಹಳೆಯದು. ಚೋಳರ ಕಾಟಕ್ಕೆ ತಮಿಳು ನಾಡು ಬಿಟ್ಟು ಬಂದ ರಾಮಾನುಜಾಚಾರ್ಯರು ಮೊದಲು ತೊಣ್ಣೂರಿನಲ್ಲಿದ್ದು, ಅಲ್ಲಿಂದ ಮೇಲುಕೋಟೆಗೆ ಬಂದರು, ಹನ್ನೆರಡು ವರ್ಷ ಇಲ್ಲಿದ್ದರು ಎಂಬುದು ಸಂಪ್ರದಾಯದ ಮಾತು. ಹೊಯ್ಸಳ ವಿಷ್ಣುವರ್ಧನನ ಕಾಲ. ನಾನು ಹವಾಯಿ ಚಪ್ಪಲಿಯ ಬಾರು ಬೆರಳ ಸಂದಿ ಕೊರೆಯುವುದನ್ನು ಸಹಿಸುತ್ತಾ, ಆಚಾರ್ಯರ ಕಾಲಲ್ಲಿ ಏನಿತ್ತು ಎಂದು ಯೋಚಿಸುತ್ತಿದ್ದೆ.

ಎರಡೂಕಾಲು ಗಂಟೆಗೆ ಮೇಲುಕೋಟೆ ಸಿಕ್ಕಿದ ಮೇಲೆ ಮೊದಲ ಕೆಲಸ ಪುಳಿಯೋಗರೆ. ಮುತ್ತುಗದೆಲೆಯ ದೊನ್ನೆಯಲ್ಲಿ ಕಪ್ಪಗೆ, ಎಣ್ಣೆ ಮಿಂಚುವ ಹಾಗೆ. ಹುಣಸೆ ಗೊಜ್ಜನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಬಣ್ಣ ಅದು. ಮೈಸೂರಿನಲ್ಲಿ ಪುಡಿ ಕಲಸಿ ಮಾಡುವುದಕ್ಕೂ ಇದಕ್ಕೂ ನಂಟಿಲ್ಲ. ಮೊದಲ ತುತ್ತಿಗೆ ಹುಳಿ, ನುಂಗಿದ ಮೇಲೆ ಮೆಣಸು ನಿಧಾನವಾಗಿ ಗಂಟಲಲ್ಲಿ ಏಳುತ್ತದೆ, ನಡುವೆ ಎಲ್ಲೋ ಒಂದು ಕಡಲೆಬೀಜ. ಎರಡು ದೊನ್ನೆ ಮುಗಿಸಿ, ಸಕ್ಕರೆ ಪೊಂಗಲ್ ತಿಂದು, ಕಲ್ಯಾಣಿಯ ಕಟ್ಟೆಯ ಮೇಲೆ ನೆರಳಲ್ಲಿ ಒಂದು ಗಂಟೆ ಸತ್ತವರಂತೆ ಬಿದ್ದುಕೊಂಡೆವು. ಎದುರಿಗೆ ಯಾವುದೋ ಹೊಸ ಜೋಡಿಯ ಫೋಟೋ ತೆಗೆಯುತ್ತಿದ್ದರು. ಫೋಟೋಗ್ರಾಫರು ಮದುಮಗನಿಗೆ, "ಸಾರ್, ಇನ್ನೊಂದ್ಸಲ ಪ್ರೀತಿಯಿಂದ," ಅಂದ. ಅದು ಏಳನೆಯ ಸಲ.

ನಾಲ್ಕೂವರೆಗೆ ಯೋಗನರಸಿಂಹನ ಬೆಟ್ಟ. ಚಪ್ಪಲಿ ಕೆಳಗೇ ಬಿಟ್ಟೆವು. ಮತ್ತೆ ಬರಿಗಾಲು. ಬೆಳಿಗ್ಗೆ ಹಿಮದಂತಿದ್ದ ಕಲ್ಲು ಈಗ ಹೆಂಚಿನ ಬೆಚ್ಚಗೆ. ಇಲ್ಲಿ ಕಾಲಿಗೆ ಏನೂ ಯೋಚಿಸುವ ಕೆಲಸವಿಲ್ಲ. ಯಾರೋ ನೂರಾರು ವರ್ಷ ಹಿಂದೆ ಹೆಜ್ಜೆಯ ಅಳತೆ ನಿಗದಿ ಮಾಡಿ ಇಟ್ಟಿದ್ದಾರೆ, ನಾವು ಹಾಕುತ್ತಾ ಹೋಗುವುದಷ್ಟೆ. ಸುಲಭ ಅಂದುಕೊಂಡಿರಾ? ಕುಂತಿ ಬೆಟ್ಟದಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಥರ, ಒಮ್ಮೆ ತೊಡೆ ದುಡಿದರೆ ಇನ್ನೊಮ್ಮೆ ಕೈ. ಇಲ್ಲಿ ಅದೇ ಮಂಡಿ, ಅದೇ ಮೀನಖಂಡ, ಮತ್ತೆ ಅದೇ. ನನ್ನನ್ನು ಕೇಳಿದರೆ ಮೆಟ್ಟಿಲೇ ಕಷ್ಟ.

ಪುಟ್ಟಿ ಮೆಟ್ಟಿಲು ಎಣಿಸುತ್ತಿದ್ದಳು, ನಾನೂ ಎಣಿಸುತ್ತಿದ್ದೆ. ಅರ್ಧದಲ್ಲೇ ಇಬ್ಬರ ಲೆಕ್ಕಕ್ಕೂ ಹನ್ನೊಂದು ವ್ಯತ್ಯಾಸ. ಮುಂದೆ ಒಬ್ಬ ಹೆಂಗಸು ಬಗ್ಗಿ ಪ್ರತಿ ಮೆಟ್ಟಿಲಿಗೂ ಅರಿಶಿನ, ಅದರ ಮೇಲೆ ಕುಂಕುಮ ಇಡುತ್ತಾ ಹತ್ತುತ್ತಿದ್ದರು. ಉಂಗುರ ಬೆರಳು ಅದ್ದಿ, ಎರಡು ಬೊಟ್ಟು, ಮುಂದಿನ ಮೆಟ್ಟಿಲು. ಬೆರಳ ತುದಿ ಕಲ್ಲಿಗೆ ಉಜ್ಜಿ ಉಜ್ಜಿ ಸವೆದು ಕೆಂಪಾಗಿತ್ತೋ ಕುಂಕುಮಕ್ಕೆ ಕೆಂಪಾಗಿತ್ತೋ ತಿಳಿಯಲಿಲ್ಲ. ಹಿಂದೆ ಒಬ್ಬ ಹುಡುಗ ಕೋತಿ ಓಡಿಸಲು ಕೋಲು ಹಿಡಿದು ಬರುತ್ತಿದ್ದ. ಒಟ್ಟು ಎಷ್ಟು ಮೆಟ್ಟಿಲು ಎಂದು ಪುಟ್ಟಿ ಅವರನ್ನೇ ಕೇಳಿದಳು.

"ಯಾರಿಗ್ಗೊತ್ತವ್ವ. ಕುಂಕುಮ ಮುಗಿಯಾಗಂಟ ಮೆಟ್ಲೇ."

ಅವರನ್ನು ದಾಟಿ ಹೋಗಲು ನಮಗೆ ಏಕೋ ನಾಚಿಕೆಯಾಯಿತು. ಬಟ್ಟಲಿಗೆ ಕಾಲು ತಾಗದಂತೆ ಅಂಚಿನಲ್ಲಿ ಹತ್ತಿದೆವು. ಮಂಟಪ ಸಿಕ್ಕ ಕಡೆಯೆಲ್ಲ ಕೂತೆವು. ಒಂದು ಕೋತಿ ಭಾವನ ಕೈಯಿಂದ ಬಾಳೆಹಣ್ಣಿನ ಚೀಲವನ್ನು ಜಗಳವಿಲ್ಲದೆ, ವ್ಯವಹಾರದಂತೆ ತೆಗೆದುಕೊಂಡು ಹೋಯಿತು.

ದರ್ಶನ ಆಗಿ ಹೊರಗೆ ಬಂದಾಗ ಐದೂಮುಕ್ಕಾಲು. ಮೂರೂವರೆ ಸಾವಿರ ಅಡಿಯ ಆಸುಪಾಸಿನ ಎತ್ತರ. ಗಾಳಿ ಭಾವನ ಲುಂಗಿಯನ್ನು ಹಿಡಿದು ಎಳೆಯುತ್ತಿತ್ತು. ಕೆಳಗೆ ಕಲ್ಯಾಣಿ ಅಂಗೈಯಗಲ, ಊರಿನ ಹೆಂಚಿನ ಮನೆಗಳು, ಆಚೆ ರಾಯಗೋಪುರದ ಕಂಬಗಳು. ಕಟ್ಟಲು ಶುರು ಮಾಡಿ ಕೈಬಿಟ್ಟ ಗೋಪುರ. ಪೂರ್ತಿಯಾಗಿದ್ದರೆ ಇಷ್ಟು ಚೆಂದ ಇರುತ್ತಿರಲಿಲ್ಲ ಎಂದು ನನ್ನ ಖಾಸಗಿ ಅಭಿಪ್ರಾಯ.

ದಕ್ಷಿಣದ ಕಡೆ ಪೌಳಿಗೆ ಒರಗಿ ನಿಂತೆವು. ತೊಣ್ಣೂರು ಕೆರೆ ಸಂಜೆ ಬಿಸಿಲಿಗೆ ತಗಡಿನಂತೆ ಹೊಳೆಯಿತು. ಅದರಾಚೆ, ಎಡಕ್ಕೆ, ಧೂಳಿನ ಬಣ್ಣದ ಎರಡು ಉಬ್ಬು. ಪುಟ್ಟಿ ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಚಾಚಿದಳು. ಎರಡೂ ಗುಡ್ಡ ಅವಳ ಉಗುರಿನ ಹಿಂದೆ ಹೋದವು. "ಬೆಳಿಗ್ಗೆ ನಾವು ಇದ್ರ ಮೇಲಿದ್ವಾ?" ಅಂದಳು. ಬೆರಳು ತೆಗೆದಳು, ಮತ್ತೆ ಇಟ್ಟಳು.

ಫೋನು ಮಾಡಿ ಅಜ್ಜಿಗೆ ಕೊಡಲು ಅಕ್ಕನಿಗೆ ಹೇಳಿದೆವು. "ಅಜ್ಜಿ, ಎರಡೂ ಆಯ್ತು!" ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ, "ನರಸಿಂಹಪ್ಪನ ಕುಂಕುಮ ತಕ್ಕಂಡ್ರಾ? ನನ್ ಎಸ್ರೇಳಿ ಒಂದಪ ಕೈ ಮುಗಿ ಮಗ." ಮಂಡಿ ಹೋದ ಮೇಲೆ ಅವರು ಇಲ್ಲಿಗೆ ಬಂದಿಲ್ಲ. ಪುಟ್ಟಿ ಫೋನನ್ನು ಗರ್ಭಗುಡಿಯ ಕಡೆ ಹಿಡಿದಳು, ವಿಡಿಯೋ ಕಾಲ್ ಅಲ್ಲ ಅನ್ನುವುದನ್ನು ಮರೆತು.

ಹೊತ್ತು ಮುಳುಗಿದ್ದು ಆರು ಗಂಟೆ ಹತ್ತು ನಿಮಿಷದ ಸುಮಾರಿಗೆ. ಪುಟ್ಟಿಯ ಕಾಯಿದೆ ಪಾಲನೆಯಾಯಿತು. ಇಳಿಯುವಾಗ ಅವಳು ಮೊದಲ ಸಲ ನನ್ನ ಕೈ ಹಿಡಿದುಕೊಂಡಳು. ಅವಳ ಕಾಲೂ ನಡುಗುತ್ತಿತ್ತು, ಪಾಪ, ಇಡೀ ದಿನ ಹೇಳಿರಲಿಲ್ಲ. ವಾಪಸ್ಸು ಬಸ್ಸಿನಲ್ಲಿ ಮೂವರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. ಪಾಂಡವಪುರ ಬಂತೆಂದು ಕಂಡಕ್ಟರೇ ಎಬ್ಬಿಸಿದರು.

ಭಾನುವಾರ

ಮಂಚದಿಂದ ಇಳಿಯುವುದೇ ಮೂರನೇ ಬೆಟ್ಟ. ಅಕ್ಕನ ಮನೆಯಲ್ಲಿರುವುದು ಕುಕ್ಕರುಗಾಲಿನ ಕಕ್ಕಸು. ಅದರ ವಿವರ ಬೇಡ. ಗೋಡೆ ಹಿಡಿದು ಹೊರಗೆ ಬಂದಾಗ ಅಜ್ಜಿ ಹಂಡೆಗೆ ಲಕ್ಕಿ ಸೊಪ್ಪು ಹಾಕಿ ನೀರು ಕಾಯಿಸಿದ್ದರು. ಮಂಡಿಗೆ ಹರಳೆಣ್ಣೆ ತಿಕ್ಕಿ, ಆ ಬಿಸಿನೀರು ಸುರಿದುಕೊಂಡ ಮೇಲೆ ಮನುಷ್ಯನಾದೆ. ಭಾವ ಎಂದಿನಂತೆ ಆರಕ್ಕೇ ಎದ್ದು ಗದ್ದೆಗೆ ನೀರು ಕಟ್ಟಿ ಬಂದಿದ್ದರು.

ಕುಂಕುಮದ ಪೊಟ್ಟಣ ಕೊಟ್ಟೆ. ಅಜ್ಜಿ ಹಣೆಗಿಟ್ಟುಕೊಂಡು ಉಳಿದದ್ದನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿದರು. ಪುಟ್ಟಿ ಮೆಟ್ಟಿಲಿನ ಜಗಳ ತೆಗೆದಳು. ಅಜ್ಜಿಗೆ ನಗು. "ನಾವು ಎಣಿಸ್ತಿದ್ದದ್ದು ಮಂಟಪಾನಮ್ಮ. ಈ ಮಂಟಪ್ದಲ್ಲಿ ಕೂಸಿಗೆ ಆಲು, ಆ ಮಂಟಪ್ದಲ್ಲಿ ನೀರು, ಇನ್ನೊಂದ್ರಲ್ಲಿ ಎಲಡ್ಕೆ. ಮೆಟ್ಲು ಯಾರ್ ಎಣಿಸ್ತಾರೆ?" ಆಮೇಲೆ ವೈರಮುಡಿಯ ರಾತ್ರಿಯ ಮಾತು. ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸು ಕಾವಲಿನಲ್ಲಿ ಮೆರವಣಿಗೆಯಾಗಿ ಬರುವುದು, ದಾರಿಯ ಊರಿನವರೆಲ್ಲ ತಡೆದು ಪೂಜೆ ಮಾಡುವುದು, ರಾತ್ರಿ ಚೆಲುವನಾರಾಯಣನಿಗೆ ಅದನ್ನು ತೊಡಿಸಿ ಉತ್ಸವ ಹೊರಡುವುದು. ಹಗಲ ಬೆಳಕು ಆ ಕಿರೀಟಕ್ಕೆ ತಾಗಬಾರದು ಎಂಬ ನಂಬಿಕೆ. "ಕೂಸು ಎಗಲ್ಮೇಲೆ ನಿದ್ದೆ ಓಗ್ಬುಟ್ಟಿತ್ತು. ನಾನೇ ಕಣ್ಣು ಬಿಡ್ಸಿ ತೋರ್ಸ್ದೆ." ಆ ಕೂಸು ಈಗ ಐವತ್ತೈದರ ಭಾವ. ತೂಕಡಿಸುತ್ತಾ ಪೇಪರು ಓದುತ್ತಿದ್ದರು.

ಮಧ್ಯಾಹ್ನ ತೊಣ್ಣೂರು ಕೆರೆಗೆ, ಈ ಸಲ ಸ್ಕೂಟರಿನಲ್ಲಿ. ಹೆಚ್ಚು ನೋಡಲಿಲ್ಲ, ಕಾಲು ನೀರಲ್ಲಿ ಬಿಟ್ಟು ಕೂತೆವು. ನೀರು ಎಷ್ಟು ತಿಳಿಯಾಗಿದೆ ಅಂದರೆ ನನ್ನ ಹೆಬ್ಬೆರಳಿನ ಗುಳ್ಳೆ ಲೆನ್ಸಿನಲ್ಲಿ ನೋಡಿದಂತೆ ಕಾಣುತ್ತಿತ್ತು. ಈ ತಿಳಿನೀರಿಗೇ 1746ರಲ್ಲಿ ಇಲ್ಲಿಗೆ ಬಂದಿದ್ದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟದ್ದು. ಪುಟ್ಟಿ ಉತ್ತರಕ್ಕೊಮ್ಮೆ ಬೆರಳು ಚಾಚಿದಳು, ದಕ್ಷಿಣಕ್ಕೊಮ್ಮೆ.

ಸಂಜೆ ರೈಲಿಗೆ ಹೊರಟಾಗ ಬೂಟು ನೆನಪಾಯಿತು. ಎಸೆಯಲು ಹುಡುಕಿದರೆ ಸಿಗಲಿಲ್ಲ. "ಇರ್ಲಿ ಬುಡಪ್ಪ, ಅದ್ಕೇನೋ ಕೆಲ್ಸ ಅದೆ," ಅಂದರು ಅಜ್ಜಿ. ನೀಲಿ ಬಾರಿನ ಚಪ್ಪಲಿಯಲ್ಲೇ ಮೈಸೂರಿಗೆ ಬಂದೆ.

ಮಂಗಳವಾರ ಆಫೀಸಿನಲ್ಲಿದ್ದಾಗ ಪುಟ್ಟಿ ಫೋಟೋ ಕಳಿಸಿದ್ದಳು. ಹಿತ್ತಲಿನ ಅವರೆ ಚಪ್ಪರ, ಮೈತುಂಬ ಕಾಯಿ. ಅದರ ನಡುಗಂಬಕ್ಕೆ, ದಾರಿಹೋಕರ ಕಣ್ಣಿಗೆ ಬೀಳುವ ಹಾಗೆ, ನನ್ನ ಬೂಟು ತಲೆಕೆಳಗಾಗಿ ನೇತಾಡುತ್ತಿತ್ತು. ಅಟ್ಟೆ ಬಾಯಿ ತೆರೆದೇ ಇತ್ತು. ಕೆಳಗೆ ಪುಟ್ಟಿ ಬರೆದಿದ್ದಳು, "ದೃಷ್ಟಿಗೆ."